ಕೃತ್ತಿಕೆ ಎಷ್ಟು ದೂರ? ಬೆಳಕು ಅಳೆದು ಉತ್ತರ ಹುಡುಕುವ ಲೆಕ್ಕ

ಕೃತ್ತಿಕಾ ನಕ್ಷತ್ರಗುಚ್ಛ ಭೂಮಿಯಿಂದ ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆಗೆ 1997ರಲ್ಲಿ ಎರಡು ಉತ್ತರಗಳಿದ್ದವು. ನಕ್ಷತ್ರಗಳ ಬೆಳಕು ಮತ್ತು ಬಣ್ಣ ಅಳೆದು ಲೆಕ್ಕ ಹಾಕುವವರು ಸುಮಾರು 430 ಜ್ಯೋತಿರ್ವರ್ಷ ಅನ್ನುತ್ತಿದ್ದರು. ಆ ವರ್ಷ ಪ್ರಕಟವಾದ ಯುರೋಪಿನ ಹಿಪಾರ್ಕೋಸ್ ಉಪಗ್ರಹದ ಪಟ್ಟಿಯ ಪ್ರಕಾರ ಅದು ಸುಮಾರು 380 ಜ್ಯೋತಿರ್ವರ್ಷ ಮಾತ್ರ. ವ್ಯತ್ಯಾಸ 50 ಜ್ಯೋತಿರ್ವರ್ಷ. ಅಂದರೆ ನೂರಕ್ಕೆ ಹನ್ನೊಂದು, ಹನ್ನೆರಡರಷ್ಟು.

ಆಕಾಶದ ಲೆಕ್ಕದಲ್ಲಿ ಇಷ್ಟು ಹೆಚ್ಚು ಕಮ್ಮಿ ಆದರೆ ಎಂತ ಆಗ್ತದೆ ಅಂತ ಕೇಳಬಹುದು. ಬಹಳ ಆಗ್ತದೆ. ಉಪಗ್ರಹದ ಮಾತು ಸರಿ ಅಂತಾದರೆ, ಕೃತ್ತಿಕೆಯ ನಕ್ಷತ್ರಗಳು ಅದೇ ಬಣ್ಣದ ಬೇರೆ ನಕ್ಷತ್ರಗಳಿಗಿಂತ ಶೇ. 20ಕ್ಕೂ ಹೆಚ್ಚು ಮಂಕು ಅಂತ ಒಪ್ಪಿಕೊಳ್ಳಬೇಕು. ಹಾಗಾದರೆ ನಕ್ಷತ್ರಗಳು ಹೇಗೆ ಉರಿಯುತ್ತವೆ ಎಂಬ ಬಗ್ಗೆ ದಶಕಗಳಿಂದ ಕಟ್ಟಿಕೊಂಡು ಬಂದ ಸಿದ್ಧಾಂತದಲ್ಲೇ ಎಲ್ಲೋ ತೂತು ಉಂಟು ಎಂದಾಗುತ್ತದೆ. ಅಷ್ಟೇ ಅಲ್ಲ, ಕೃತ್ತಿಕೆಗೆ ಬಳಸಿದ ವಿಧಾನವನ್ನೇ ಬಳಸಿ ನೂರಾರು ನಕ್ಷತ್ರಗುಚ್ಛಗಳ ದೂರ ಕಂಡುಹಿಡಿದಿದ್ದಾರೆ. ಆ ಗುಚ್ಛಗಳಲ್ಲಿ ಕೆಲವದರಲ್ಲಿ ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳಿವೆ. ಆ ಸೆಫೀಡ್‌ಗಳನ್ನು ಹಿಡಿದುಕೊಂಡೇ ಬೇರೆ ಗೆಲಾಕ್ಸಿಗಳ ದೂರ ಅಳೆಯೋದು. ಕೆಳಗಿನ ಮೆಟ್ಟಿಲು ಅಲುಗಾಡಿದರೆ ಮೇಲಿನದ್ದೂ ಅಲುಗಾಡುತ್ತದೆ.

ಹಾಗಾದರೆ ಬರೀ ಬೆಳಕನ್ನು ಅಳೆದು ದೂರ ಹೇಳೋದು ಹೇಗೆ? ವಯಸ್ಸು ಹೇಳೋದು ಹೇಗೆ? ಅಲ್ಲಿಗೆ ಯಾರೂ ಹೋಗಿಲ್ಲ, ಹೋಗೋದೂ ಇಲ್ಲ. ಕೈಗೆ ಸಿಗೋದು ದೂರದರ್ಶಕದ ಕ್ಯಾಮೆರಾಕ್ಕೆ ಬೀಳುವ ಒಂದಿಷ್ಟು ಬೆಳಕು ಮಾತ್ರ.

ಕೃತ್ತಿಕೆಯನ್ನು ಗುರುತು ಹಿಡಿಯೋದು ಸುಲಭ. ಜನವರಿ ತಿಂಗಳಲ್ಲಿ ರಾತ್ರಿ ಎಂಟು ಗಂಟೆ ಹೊತ್ತಿಗೆ ಬಹುತೇಕ ನೆತ್ತಿಯ ಮೇಲೆ ಆರು ಸಣ್ಣ ನಕ್ಷತ್ರಗಳ ಒಂದು ಗೊಂಚಲು ಕಾಣುತ್ತದೆ. ಕಣ್ಣು ಚುರುಕಿದ್ದು, ಬೀದಿದೀಪದ ಕಾಟ ಇಲ್ಲದಿದ್ದರೆ ಏಳೆಂಟೂ ಕಾಣಬಹುದು. ಅರಬಿಯಲ್ಲಿ ಇದರ ಹೆಸರು ಸುರಯ್ಯಾ. ಮನೆಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇಡುವ ಸುರಯ್ಯ ಎಂಬ ಹೆಸರು ಇದೇ. ಅದರ ಹಿಂದೆಯೇ ಕೆಂಪಗೆ ಹೊಳೆಯುವ ರೋಹಿಣಿ ನಕ್ಷತ್ರವನ್ನು ಜಗತ್ತೆಲ್ಲ ಅಲ್ಡೆಬರಾನ್ ಅನ್ನುತ್ತದೆ. ಅದೂ ಅರಬಿ ಮಾತೇ. ಸುರಯ್ಯಾಳನ್ನು ಹಿಂಬಾಲಿಸುವವ ಎಂದು ಅರ್ಥ. ಕರಾವಳಿಯ ಹಳಬರು ಮಳೆ ಲೆಕ್ಕ ಹಾಕುವಾಗ ಹೇಳುವ ಕೃತ್ತಿಕಾ ಮಳೆಯ ಕೃತ್ತಿಕೆಯೂ ಇದೇ. ಆದರೆ ಆ ಮಳೆ ಬರುವ ಮೇ ತಿಂಗಳಲ್ಲಿ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ ಗುಚ್ಛ ಕಣ್ಣಿಗೆ ಬೀಳೋದಿಲ್ಲ.

ಕಣ್ಣಿಗೆ ಆರು ಕಂಡರೂ ಅಲ್ಲಿರುವುದು ಸಾವಿರಕ್ಕೂ ಹೆಚ್ಚು ನಕ್ಷತ್ರಗಳು. ಇಂಥವನ್ನು ತೆರೆದ ನಕ್ಷತ್ರಗುಚ್ಛ ಎನ್ನುತ್ತಾರೆ. ಒಂದೇ ದೊಡ್ಡ ಅನಿಲ ಮೋಡ ಕುಸಿದು, ಹೆಚ್ಚುಕಮ್ಮಿ ಒಂದೇ ಕಾಲದಲ್ಲಿ ಒಟ್ಟಿಗೆ ಹುಟ್ಟಿದವು. ಬಿಗಿಯಾಗಿ ಕಟ್ಟಿಕೊಂಡಿಲ್ಲ, ಕೋಟಿಗಟ್ಟಲೆ ವರ್ಷಗಳಲ್ಲಿ ಒಂದೊಂದಾಗಿ ಚದುರಿ ಹೋಗುತ್ತವೆ. ನಮ್ಮ ಕ್ಷೀರಪಥದಲ್ಲಿ ಇಂಥ ಸಾವಿರಾರು ಗುಚ್ಛಗಳು ಪಟ್ಟಿಯಾಗಿವೆ.

ವಿಜ್ಞಾನಿಗಳಿಗೆ ಈ ಗುಚ್ಛಗಳ ಮೇಲೆ ಯಾಕಿಷ್ಟು ಪ್ರೀತಿ ಅಂದರೆ, ಒಂಟಿ ನಕ್ಷತ್ರ ಯಾವ ಲೆಕ್ಕವನ್ನೂ ಬಿಟ್ಟುಕೊಡೋದಿಲ್ಲ. ಆಕಾಶದಲ್ಲಿ ಒಂದು ಮಂಕು ಚುಕ್ಕೆ ಕಂಡರೆ ಅದು ಹತ್ತಿರದ ಸಣ್ಣ ದೀಪವೋ, ದೂರದ ದೊಡ್ಡ ದೀಪವೋ? ರಾತ್ರಿ ಕಡಲ ಮೇಲೆ ಕಾಣುವ ಒಂದು ಬೆಳಕು ಹತ್ತಿರದ ದೋಣಿಯದ್ದೋ ದೂರದ ಹಡಗಿನದ್ದೋ ಎಂದು ದಡದಲ್ಲಿ ನಿಂತವನಿಗೆ ಗೊತ್ತಾಗದ ಹಾಗೆ. ಆದರೆ ಗುಚ್ಛದಲ್ಲಿ ಎಲ್ಲ ನಕ್ಷತ್ರಗಳೂ ಹೆಚ್ಚುಕಮ್ಮಿ ಒಂದೇ ದೂರದಲ್ಲಿವೆ, ಒಂದೇ ವಯಸ್ಸಿನವು, ಒಂದೇ ಸಾಮಾನಿನಿಂದ ಆದವು. ಹಾಗಾಗಿ ಅಲ್ಲಿ ಒಂದು ಹೊಳಪಾಗಿ ಇನ್ನೊಂದು ಮಂಕಾಗಿ ಕಂಡರೆ ಅದು ದೂರದ ಆಟ ಅಲ್ಲ, ನಕ್ಷತ್ರದ್ದೇ ಗುಣ. ಇಡೀ ವಿಧಾನ ನಿಂತಿರೋದು ಈ ಒಂದು ಅನುಕೂಲದ ಮೇಲೆ.

ಮೊದಲ ಕೆಲಸ ಹೊಳಪನ್ನು ಅಂಕಿಯಲ್ಲಿ ಹೇಳೋದು. ಪ್ರಾಚೀನ ಗ್ರೀಕರು ಕಣ್ಣಿಗೆ ಕಾಣುವ ನಕ್ಷತ್ರಗಳನ್ನು ಆರು ದರ್ಜೆಗಳಾಗಿ ವಿಂಗಡಿಸಿದ್ದರು. ಅತಿ ಹೊಳಪಿನವು ಒಂದನೇ ದರ್ಜೆ, ಕಷ್ಟಪಟ್ಟು ಕಾಣುವವು ಆರನೇ ದರ್ಜೆ. ಟಾಲೆಮಿಯ ಪಟ್ಟಿಯಲ್ಲಿದ್ದ ಈ ದರ್ಜೆಗಳನ್ನು ಸುಮ್ಮನೆ ನಕಲು ಮಾಡಿಕೊಳ್ಳದೆ, ತಾನೇ ಆಕಾಶ ನೋಡಿ ತಿದ್ದಿದವರು ಪರ್ಷಿಯಾದ ಅಬ್ದುಲ್ ರಹಮಾನ್ ಅಲ್ ಸೂಫಿ. ಸ್ಥಿರ ನಕ್ಷತ್ರಗಳ ಬಗ್ಗೆ ಅವರು ಬರೆದ ಗ್ರಂಥ ಕ್ರಿ.ಶ. 964ರ ಸುಮಾರಿನದು. ಉಪಕರಣ ಎಂತದೂ ಇರಲಿಲ್ಲ, ಕಣ್ಣೇ ಮೀಟರ್.

ಆ ದರ್ಜೆಗಳಿಗೆ ಗಣಿತದ ಅಚ್ಚು ಹಾಕಿದ್ದು 1856ರಲ್ಲಿ ನಾರ್ಮನ್ ಪೋಗ್ಸನ್. ಐದು ದರ್ಜೆಗಳ ವ್ಯತ್ಯಾಸ ಅಂದರೆ ಬೆಳಕಿನಲ್ಲಿ ಸರಿಯಾಗಿ 100 ಪಟ್ಟು ವ್ಯತ್ಯಾಸ ಎಂದು ಅವರು ಗೊತ್ತು ಮಾಡಿದರು. ಹಾಗಾದರೆ ಒಂದು ದರ್ಜೆಗೆ ಸುಮಾರು 2.512 ಪಟ್ಟು. ಇದನ್ನೇ ಈಗ ಕಾಂತಿಮಾನ ಅನ್ನುವುದು. ಅಂಕಿ ದೊಡ್ಡದಾದಷ್ಟು ನಕ್ಷತ್ರ ಮಂಕು, ಇಲ್ಲಿ ಎಲ್ಲ ಉಲ್ಟಾ. ಪೋಗ್ಸನ್ 1861ರಲ್ಲಿ ಮದ್ರಾಸ್ ವೀಕ್ಷಣಾಲಯಕ್ಕೆ ಬಂದು 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಆ ವೀಕ್ಷಣಾಲಯದ ವಂಶದ ಕುಡಿಯೇ ಕೊಡೈಕೆನಾಲ್ ದಾರಿಯಾಗಿ ಬಂದು ಇವತ್ತು ಬೆಂಗಳೂರಿನಲ್ಲಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆ.

ಈಗ ಕಣ್ಣಿನ ಜಾಗದಲ್ಲಿ ಸಿಸಿಡಿ ಕ್ಯಾಮೆರಾ ಇದೆ. ಅದರ ಚಿಪ್ಪಿನ ಮೇಲೆ ಬಿದ್ದ ಬೆಳಕು ಎಲೆಕ್ಟ್ರಾನ್‌ಗಳಾಗಿ ಎಣಿಕೆಗೆ ಸಿಗುತ್ತದೆ. ಕೇಳಲು ಸುಲಭ, ಆದರೆ ನಿಜವಾದ ಕೆಲಸ ಇರೋದು ಕಳೆಯುವ ಲೆಕ್ಕದಲ್ಲಿ. ಕತ್ತಲ ಆಕಾಶಕ್ಕೂ ಸ್ವಲ್ಪ ಬೆಳಕು ಇರುತ್ತದೆ. ನಕ್ಷತ್ರದ ಪಕ್ಕದ ಖಾಲಿ ಆಕಾಶವನ್ನು ಅಳೆದು ಆ ಪಾಲನ್ನು ಕಳೆಯಬೇಕು, ಅಂಗಡಿಯಲ್ಲಿ ಡಬ್ಬದ ತೂಕ ಕಳೆದು ಎಣ್ಣೆಯ ತೂಕ ಹೇಳಿದ ಹಾಗೆ. ಚಿಪ್ಪಿನ ಎಲ್ಲ ಭಾಗವೂ ಬೆಳಕಿಗೆ ಒಂದೇ ರೀತಿ ಸ್ಪಂದಿಸುವುದಿಲ್ಲ. ಅದಕ್ಕೆ ಮುಸ್ಸಂಜೆಯ ಸಮನಾದ ಆಕಾಶದ ಚಿತ್ರ ತೆಗೆದು ಅದರಿಂದ ಭಾಗಿಸುತ್ತಾರೆ. ನಕ್ಷತ್ರ ದಿಗಂತದ ಹತ್ತಿರ ಇದ್ದರೆ ಅದರ ಬೆಳಕು ಹೆಚ್ಚು ಗಾಳಿ ದಾಟಿ ಬರಬೇಕು, ಅದರ ಲೆಕ್ಕ ಬೇರೆ. ಕೊನೆಗೆ, ಕಾಂತಿಮಾನ ಮೊದಲೇ ನಿಖರವಾಗಿ ಗೊತ್ತಿರುವ ಕೆಲವು ನಕ್ಷತ್ರಗಳನ್ನು ಅದೇ ರಾತ್ರಿ ಅದೇ ಕ್ಯಾಮೆರಾದಲ್ಲಿ ಅಳೆದು ತಾಳೆ ನೋಡಬೇಕು. ಸರಕಾರದ ಸೀಲ್ ಇರುವ ಬಟ್ಟು ಇಟ್ಟು ತಕ್ಕಡಿ ಪರೀಕ್ಷೆ ಮಾಡಿದಂತೆಯೇ ಇದು. ಇಷ್ಟೆಲ್ಲ ಮಾಡಿದರೆ ನೂರಕ್ಕೆ ಒಂದೆರಡರಷ್ಟು ತಪ್ಪಿನೊಳಗೆ ಹೊಳಪು ಹೇಳಬಹುದು. ಈ ಅಳತೆಯ ಕೆಲಸಕ್ಕೇ ಫೋಟೋಮೆಟ್ರಿ ಎಂದು ಹೆಸರು.

ಎರಡನೇ ಕೆಲಸ ಬಣ್ಣ. ಇಲ್ಲೂ ಕಣ್ಣಿನ ಅಂದಾಜು ನಡೆಯೋದಿಲ್ಲ. ಕ್ಯಾಮೆರಾದ ಮುಂದೆ ಬಣ್ಣದ ಗಾಜು, ಅಂದರೆ ಫಿಲ್ಟರ್ ಇಟ್ಟು ಒಂದೇ ನಕ್ಷತ್ರವನ್ನು ಬೇರೆ ಬೇರೆ ಬಾರಿ ಅಳೆಯುತ್ತಾರೆ. 1953ರಲ್ಲಿ ಹೆರಾಲ್ಡ್ ಜಾನ್ಸನ್ ಮತ್ತು ವಿಲಿಯಂ ಮಾರ್ಗನ್ ಗೊತ್ತುಪಡಿಸಿದ ಮೂರು ಫಿಲ್ಟರ್‌ಗಳ ವ್ಯವಸ್ಥೆ ಬಹಳ ಪ್ರಸಿದ್ಧ: ನೇರಳಾತೀತಕ್ಕೆ ಯು, ನೀಲಿಗೆ ಬಿ, ಹಸಿರು-ಹಳದಿಗೆ ವಿ. ಬಿ ಫಿಲ್ಟರಿನ ಕಾಂತಿಮಾನದಿಂದ ವಿ ಫಿಲ್ಟರಿನದನ್ನು ಕಳೆದರೆ ಸಿಗುವ ಅಂಕಿಯೇ ಆ ನಕ್ಷತ್ರದ ಬಣ್ಣ. ಅಭಿಜಿತ್ ನಕ್ಷತ್ರಕ್ಕೆ ಇದು ಸೊನ್ನೆ. ಸೂರ್ಯನಿಗೆ ಸುಮಾರು 0.65. ಕೆಂಪು ರೋಹಿಣಿಗೆ ಸುಮಾರು 1.54. ಕೃತ್ತಿಕೆಯ ಅತಿ ಹೊಳಪಿನ ನಕ್ಷತ್ರಗಳಿಗೆ ಸೊನ್ನೆಗಿಂತಲೂ ಕಡಿಮೆ, ಅಂದರೆ ಅಪ್ಪಟ ನೀಲಿ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಕೆಂಪಿನಿಂದ ಹಳದಿಗೆ, ಹಳದಿಯಿಂದ ಬಿಳಿಗೆ ತಿರುಗುತ್ತಾ ಬಿಸಿಯೇರುತ್ತದಲ್ಲ, ನಕ್ಷತ್ರದ ಬಣ್ಣವೂ ಅದರ ಮೇಲ್ಮೈ ಬಿಸಿಯ ಲೆಕ್ಕವೇ. ನೀಲಿ ಅಂದರೆ ಅತಿ ಬಿಸಿ.

ಈಗ ಗುಚ್ಛದ ಪ್ರತಿಯೊಂದು ನಕ್ಷತ್ರಕ್ಕೂ ಎರಡು ಅಂಕಿಗಳಿವೆ, ಬಣ್ಣ ಮತ್ತು ಹೊಳಪು. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಬಣ್ಣ, ಉದ್ದಕ್ಕೆ ಹೊಳಪು ಇಟ್ಟು ಚುಕ್ಕಿ ಹಾಕುತ್ತಾ ಹೋದರೆ ಚುಕ್ಕಿಗಳು ಎಲ್ಲೆಂದರಲ್ಲಿ ಚೆಲ್ಲಿಕೊಳ್ಳುವುದಿಲ್ಲ. ನೀಲಿ-ಹೊಳಪಿನ ಮೂಲೆಯಿಂದ ಕೆಂಪು-ಮಂಕಿನ ಮೂಲೆಗೆ ಓರೆಯಾಗಿ ಒಂದು ಪಟ್ಟಿಯಾಗಿ ಸಾಲುಗಟ್ಟುತ್ತವೆ. ಡೆನ್ಮಾರ್ಕಿನ ಐನಾರ್ ಹರ್ಟ್ಸ್‌ಸ್ಪ್ರುಂಗ್ 1911ರಲ್ಲಿ ಕೃತ್ತಿಕೆ ಮತ್ತು ಹಯಾಡಿಸ್ ಗುಚ್ಛಗಳಿಗೆ ಇಂಥ ನಕ್ಷೆ ಪ್ರಕಟಿಸಿದರು. ಆ ಪಟ್ಟಿಗೆ ಪ್ರಧಾನ ಶ್ರೇಣಿ ಎಂದು ಹೆಸರು. ಹೈಡ್ರೋಜನ್ ಉರಿಸುತ್ತಾ ಆರಾಮವಾಗಿ ಬದುಕುತ್ತಿರುವ ನಕ್ಷತ್ರಗಳೆಲ್ಲ ಅದರ ಮೇಲಿರುತ್ತವೆ.

ದೂರ ತೆಗೆಯುವುದು ಈ ಪಟ್ಟಿಯಿಂದಲೇ. ಹಯಾಡಿಸ್ ಗುಚ್ಛ ಹತ್ತಿರದ್ದು, ಸುಮಾರು 153 ಜ್ಯೋತಿರ್ವರ್ಷ. ಅದರ ದೂರವನ್ನು ಬೇರೆ ವಿಧಾನಗಳಿಂದಲೂ ಖಚಿತ ಮಾಡಿಕೊಂಡಿದ್ದಾರೆ. ಅದರ ಪಟ್ಟಿಯನ್ನೂ ಕೃತ್ತಿಕೆಯ ಪಟ್ಟಿಯನ್ನೂ ಒಂದರ ಮೇಲೊಂದು ಇಟ್ಟರೆ ಆಕಾರ ಹೊಂದುತ್ತದೆ, ಆದರೆ ಕೃತ್ತಿಕೆಯದು ಕೆಳಗೆ ಇಳಿದಿರುತ್ತದೆ. ಎಷ್ಟು ಕೆಳಗೆ ಎಂಬುದೇ ಎಷ್ಟು ಹೆಚ್ಚು ದೂರ ಎಂಬುದರ ಲೆಕ್ಕ. ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೇ ಒಂದಾಗುತ್ತದೆ ಎಂಬ ಶಾಲೆಯ ನಿಯಮ ಸಾಕು.

ಉದಾಹರಣೆಗೆ ಸೂರ್ಯನನ್ನೇ ತೆಗೆದುಕೊಳ್ಳಿ. ಖಗೋಳದವರು ಹೋಲಿಕೆಗೆ ಇಟ್ಟುಕೊಂಡ ಗೊತ್ತಾದ ದೂರ 32.6 ಜ್ಯೋತಿರ್ವರ್ಷ. ಅಲ್ಲಿಟ್ಟರೆ ಸೂರ್ಯನ ಕಾಂತಿಮಾನ 4.83, ಊರ ಬೆಳಕಿನ ನಡುವೆ ಕಾಣುವುದೇ ಕಷ್ಟ. ಅದೇ ಸೂರ್ಯನನ್ನು ಕೃತ್ತಿಕೆಯಲ್ಲಿಟ್ಟರೆ ದೂರ ಹದಿಮೂರೂವರೆ ಪಟ್ಟು, ಬೆಳಕು ಸುಮಾರು 185ರಲ್ಲಿ ಒಂದು ಪಾಲು, ಕಾಂತಿಮಾನ 10.5. ಬರಿಗಣ್ಣಿಗೆ ಸುಳಿವೂ ಸಿಗುವುದಿಲ್ಲ. ಇದನ್ನೇ ತಿರುಗಿಸಿ ಹೇಳಿದರೆ, ಕೃತ್ತಿಕೆಯಲ್ಲಿ ಸೂರ್ಯನದೇ ಬಣ್ಣದ ನಕ್ಷತ್ರಗಳು ಸುಮಾರು 10.5 ಕಾಂತಿಮಾನದಲ್ಲಿ ಕಂಡವು ಅಂದರೆ ದೂರ ಇಷ್ಟೇ ಇರಬೇಕು. ಒಂದು ನಕ್ಷತ್ರದಿಂದ ಹೀಗೆ ಹೇಳಿದರೆ ನಂಬಿಕೆ ಬರುವುದಿಲ್ಲ. ನೂರಾರು ನಕ್ಷತ್ರಗಳ ಇಡೀ ಪಟ್ಟಿಯೇ ಹಾಗೆ ಹೇಳಿದರೆ ಬರುತ್ತದೆ.

ಆದರೆ ಈ ಲೆಕ್ಕಕ್ಕೆ ಒಂದು ಕಳ್ಳ ಉಂಟು. ಧೂಳು.

ನಕ್ಷತ್ರಗಳ ನಡುವಿನ ಜಾಗ ಪೂರ್ತಿ ಖಾಲಿ ಅಂತಲೇ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬಹಳಷ್ಟು ಮಂದಿ ನಂಬಿದ್ದರು. ಅದನ್ನು ಮುರಿದದ್ದೂ ತೆರೆದ ಗುಚ್ಛಗಳೇ. ಅಮೆರಿಕದ ಲಿಕ್ ವೀಕ್ಷಣಾಲಯದಲ್ಲಿದ್ದ ರಾಬರ್ಟ್ ಟ್ರಂಪ್ಲರ್ 1930ರಲ್ಲಿ ನೂರು ಗುಚ್ಛಗಳ ಲೆಕ್ಕ ಹಿಡಿದುಕೊಂಡು ಕೂತರು. ಮೊದಲು ನಕ್ಷತ್ರಗಳ ಹೊಳಪಿನಿಂದ ಪ್ರತಿ ಗುಚ್ಛದ ದೂರ ತೆಗೆದರು. ಆಮೇಲೆ ಆಕಾಶದಲ್ಲಿ ಅದು ಎಷ್ಟು ಅಗಲ ಕಾಣುತ್ತದೆ ಎಂಬುದರಿಂದ ಅದರ ನಿಜವಾದ ಅಗಲ ತೆಗೆದರು. ವಿಚಿತ್ರ ಏನೆಂದರೆ, ಒಂದೇ ಬಗೆಯ ಗುಚ್ಛಗಳು ದೂರ ಹೋದಂತೆ ಹೋದಂತೆ ದೊಡ್ಡದಾಗುತ್ತಾ ಹೋದವು. ಭೂಮಿಯಿಂದ ದೂರ ಇದ್ದೇವೆ ಎಂಬ ಕಾರಣಕ್ಕೆ ಗುಚ್ಛಗಳು ಉಬ್ಬುವುದುಂಟೇ? ಟ್ರಂಪ್ಲರ್ ತೀರ್ಮಾನಿಸಿದ್ದು ಇಷ್ಟು: ಗುಚ್ಛಗಳು ದೊಡ್ಡದಾಗಿಲ್ಲ, ದೂರದ ಲೆಕ್ಕವೇ ಉಬ್ಬಿದೆ. ದಾರಿಯಲ್ಲಿ ಏನೋ ಒಂದು ಬೆಳಕನ್ನು ನುಂಗುತ್ತಿದೆ. ನಕ್ಷತ್ರ ಮಂಕಾಗಿ ಕಂಡದ್ದಕ್ಕೆ ಅಳೆಯುವವನು ಅದನ್ನು ಇನ್ನೂ ದೂರ ಎಂದು ಬರೆದುಕೊಳ್ಳುತ್ತಿದ್ದಾನೆ. ಸುಮಾರು 3,260 ಜ್ಯೋತಿರ್ವರ್ಷಕ್ಕೆ 0.67 ಕಾಂತಿಮಾನದಷ್ಟು ಬೆಳಕು ಹೋಗುತ್ತದೆ ಎಂದು ಅವರು ಲೆಕ್ಕ ಕೊಟ್ಟರು. ಅಂದರೆ ಹತ್ತಿರ ಹತ್ತಿರ ಅರ್ಧ ಬೆಳಕು ದಾರಿಯಲ್ಲೇ ಖರ್ಚು. ಬರೀ ಲೆಕ್ಕದ ಪುಸ್ತಕದಲ್ಲಿ ತಾಳೆಯಾಗದ ಒಂದು ಸಾಲಿನಿಂದ ಇಡೀ ಕ್ಷೀರಪಥದ ಧೂಳು ಪತ್ತೆಯಾಯಿತು. ಖಗೋಳದ ಇತಿಹಾಸದಲ್ಲಿ ಇಷ್ಟು ಚಂದದ ಆಡಿಟ್ ಇನ್ನೊಂದು ಸಿಗುವುದು ಕಷ್ಟ.

ಅದೃಷ್ಟಕ್ಕೆ ಈ ಕಳ್ಳ ಗುರುತು ಬಿಟ್ಟು ಹೋಗುತ್ತಾನೆ. ಧೂಳು ನೀಲಿ ಬೆಳಕನ್ನು ಹೆಚ್ಚು ತಡೆಯುತ್ತದೆ, ಕೆಂಪನ್ನು ಕಡಿಮೆ. ಸಂಜೆ ಕಡಲ ಕಿನಾರೆಯಲ್ಲಿ ಮುಳುಗುವ ಸೂರ್ಯ ಮಂಕಾಗುವುದರ ಜೊತೆಗೆ ಕೆಂಪಾಗುವುದಿಲ್ಲವೇ, ಅದೇ ರೀತಿ. ಹಾಗಾಗಿ ಧೂಳಿನ ಹಿಂದಿನ ನಕ್ಷತ್ರ ಮಂಕಾಗಿ ಮಾತ್ರ ಕಾಣುವುದಿಲ್ಲ, ಇರಬೇಕಾದ್ದಕ್ಕಿಂತ ಕೆಂಪಾಗಿಯೂ ಕಾಣುತ್ತದೆ. ಎಷ್ಟು ಕೆಂಪಾಗಿದೆ ಎಂದು ಗೊತ್ತಾದರೆ ಎಷ್ಟು ಮಂಕಾಗಿದೆ ಎಂದು ಹೇಳಬಹುದು. ಸಾಮಾನ್ಯ ಧೂಳಿಗೆ, ಬಣ್ಣದಲ್ಲಿ ಆದ ಬದಲಾವಣೆಯನ್ನು 3.1ರಿಂದ ಗುಣಿಸಿದರೆ ವಿ ಫಿಲ್ಟರಿನಲ್ಲಿ ಕಳೆದುಹೋದ ಕಾಂತಿಮಾನ ಸಿಗುತ್ತದೆ.

ಕೆಂಪಾದದ್ದು ಧೂಳಿನಿಂದಲೋ ಅಥವಾ ನಕ್ಷತ್ರವೇ ತಣ್ಣಗಿನದೋ ಎಂದು ಬೇರ್ಪಡಿಸುವುದು ಹೇಗೆ? ಯು ಫಿಲ್ಟರ್ ಇರುವುದು ಮುಖ್ಯವಾಗಿ ಈ ಕೆಲಸಕ್ಕೆ. ನೇರಳಾತೀತ-ನೀಲಿ ವ್ಯತ್ಯಾಸವನ್ನೂ ನೀಲಿ-ಹಸಿರು ವ್ಯತ್ಯಾಸವನ್ನೂ ಇನ್ನೊಂದು ಗ್ರಾಫಿನಲ್ಲಿ ಹಾಕಿದರೆ ಧೂಳಿಲ್ಲದ ನಕ್ಷತ್ರಗಳು ಅಂಕುಡೊಂಕಾದ ಒಂದು ಗೆರೆಯ ಮೇಲೆ ಕೂರುತ್ತವೆ. ಧೂಳು ಮಾತ್ರ ನಕ್ಷತ್ರಗಳನ್ನು ನೇರವಾದ ಒಂದೇ ದಿಕ್ಕಿಗೆ ತಳ್ಳುತ್ತದೆ. ತಣ್ಣಗಾಗುವ ದಾರಿ ಬೇರೆ, ಧೂಳು ತಳ್ಳುವ ದಾರಿ ಬೇರೆ. ಗುಚ್ಛದ ಚುಕ್ಕಿಗಳನ್ನೆಲ್ಲ ಎಷ್ಟು ಹಿಂದಕ್ಕೆ ತಳ್ಳಿದರೆ ಗೆರೆಗೆ ಬಂದು ಕೂರುತ್ತವೆಯೋ ಅಷ್ಟು ಧೂಳು.

ಕೃತ್ತಿಕೆಯ ದಾರಿಯಲ್ಲಿ ಧೂಳು ಕಡಿಮೆ. ಬಣ್ಣದಲ್ಲಿ ಸುಮಾರು 0.04, ಬೆಳಕಿನಲ್ಲಿ ಸುಮಾರು ಶೇ. 11 ನಷ್ಟ. ಪರ್ಸಿಯಸ್ ನಕ್ಷತ್ರಪುಂಜದ ಜೋಡಿ ಗುಚ್ಛದ ಕಥೆ ಬೇರೆ. ಅಲ್ಲಿ ಬಣ್ಣ ಸುಮಾರು 0.55ರಷ್ಟು ಕೆಂಪಾಗಿದೆ, ಬೆಳಕಿನ ಐದು ಪಾಲಿನಲ್ಲಿ ಹೆಚ್ಚುಕಮ್ಮಿ ನಾಲ್ಕು ಪಾಲು ದಾರಿಯಲ್ಲೇ ಹೋಗಿದೆ. ಧೂಳನ್ನು ಮರೆತರೆ ಅದರ ದೂರ 16,000 ಜ್ಯೋತಿರ್ವರ್ಷ ದಾಟುತ್ತದೆ. ಸರಿಪಡಿಸಿದರೆ ಸುಮಾರು 7,500. ಅರ್ಧಕ್ಕಿಂತಲೂ ಕಡಿಮೆ!

ಇನ್ನು ವಯಸ್ಸು. ದೊಡ್ಡ ನಕ್ಷತ್ರ ಹೆಚ್ಚು ದಿನ ಬಾಳುತ್ತದೆ ಅಂತ ಅನ್ನಿಸೋದು ಸಹಜ, ಆದರೆ ಆಗೋದು ಅದಕ್ಕೆ ವಿರುದ್ಧ. ಸೂರ್ಯನ ಹತ್ತು ಪಟ್ಟು ದ್ರವ್ಯರಾಶಿ ಇರುವ ನಕ್ಷತ್ರದ ಬಂಡವಾಳ ಹತ್ತು ಪಟ್ಟು, ದಿನದ ಖರ್ಚು ಸಾವಿರಾರು ಪಟ್ಟು. ಸೂರ್ಯನಂಥದ್ದು ಸುಮಾರು 1,000 ಕೋಟಿ ವರ್ಷ ಪ್ರಧಾನ ಶ್ರೇಣಿಯಲ್ಲಿ ಇದ್ದರೆ ಆ ದೊಡ್ಡದ್ದು ಎರಡು ಮೂರು ಕೋಟಿ ವರ್ಷಕ್ಕೇ ಅಂಗಡಿ ಮುಚ್ಚುತ್ತದೆ. ಆದ್ದರಿಂದ ಗುಚ್ಛಕ್ಕೆ ವಯಸ್ಸಾದಂತೆ ಪಟ್ಟಿಯ ಮೇಲ್ತುದಿ, ಅಂದರೆ ನೀಲಿ ತುದಿ, ಮೊದಲು ಖಾಲಿಯಾಗುತ್ತದೆ. ಅಲ್ಲಿದ್ದ ನಕ್ಷತ್ರಗಳು ಉಬ್ಬಿ ಕೆಂಪಾಗಿ ಬಲಕ್ಕೆ ತಿರುಗುತ್ತವೆ. ಆ ತಿರುವು ಮೇಣದಬತ್ತಿ ಉರಿದಂತೆ ಕೆಳಕೆಳಗೆ ಇಳಿಯುತ್ತಾ ಬರುತ್ತದೆ. ತಿರುವು ಎಲ್ಲಿದೆ ಎಂದು ನೋಡಿದರೆ ವಯಸ್ಸು ಗೊತ್ತು.

ಪರ್ಸಿಯಸ್ ಜೋಡಿ ಗುಚ್ಛದಲ್ಲಿ ಪಟ್ಟಿಯ ತುದಿ ಬಹಳ ಮೇಲಿದೆ. ವಯಸ್ಸು ಒಂದೂವರೆ ಕೋಟಿ ವರ್ಷದ ಆಸುಪಾಸು, ಎಳೆಮಗು. ಕರ್ಕಾಟಕ ರಾಶಿಯ ಎಂ67 ಗುಚ್ಛದಲ್ಲಿ ತಿರುವು ಸೂರ್ಯನ ಬಣ್ಣದ ಹತ್ತಿರದವರೆಗೂ ಇಳಿದುಬಿಟ್ಟಿದೆ. ವಯಸ್ಸು ಸುಮಾರು 400 ಕೋಟಿ ವರ್ಷ, ಹೆಚ್ಚುಕಮ್ಮಿ ಸೂರ್ಯನ ಓರಗೆ. ಕೃತ್ತಿಕೆಯಲ್ಲಿ ನೀಲಿ ನಕ್ಷತ್ರಗಳು ಇನ್ನೂ ಉಳಿದಿವೆ. ಅದರ ವಿಷಯದಲ್ಲಿ ಬೆಳಕಿನ ಲೆಕ್ಕ ಒಮ್ಮೆ ಎಡವಿದ್ದೂ ಉಂಟು. ಹಳೆಯ ಮಾದರಿಗಳು ಏಳೆಂಟು ಕೋಟಿ ವರ್ಷ ಎಂದಿದ್ದವು. 1998ರಲ್ಲಿ ಅಲ್ಲಿನ ಅತಿ ಮಂಕು ಕಾಯಗಳಲ್ಲಿ ಲಿಥಿಯಂ ಎಷ್ಟು ಉಳಿದಿದೆ ಎಂದು ನೋಡಿದಾಗ ಸಿಕ್ಕಿದ್ದು ಸುಮಾರು 12.5 ಕೋಟಿ. ಚುಕ್ಕಿಗಳು ಸರಿಯಾಗಿಯೇ ಇದ್ದವು. ದೊಡ್ಡ ನಕ್ಷತ್ರದ ಒಳಗೆ ಇಂಧನ ಎಷ್ಟು ಕಲಸಿಕೊಳ್ಳುತ್ತದೆ ಎಂಬ ಊಹೆ ಕಡಿಮೆಯಾಗಿತ್ತು. ಡೈನೋಸಾರ್‌ಗಳು ಭೂಮಿಯಲ್ಲಿ ಓಡಾಡುತ್ತಿದ್ದಾಗ ಹುಟ್ಟಿದ ಗುಚ್ಛ ಅಂತ ಎರಡೂ ಲೆಕ್ಕಗಳು ಒಪ್ಪುತ್ತವೆ ಎಂಬುದಷ್ಟೇ ಸಮಾಧಾನ.

ಮತ್ತೆ 1997ರ ಜಗಳಕ್ಕೆ ಬರುವುದಾದರೆ, ಹಿಪಾರ್ಕೋಸ್ ಉಪಗ್ರಹದ ವಿಧಾನ ಪೂರ್ತಿ ಬೇರೆ. ಅದು ಬಣ್ಣ ನೋಡಿ ದೂರ ಹೇಳುವುದಲ್ಲ. ಭೂಮಿ ಸೂರ್ಯನ ಈಚೆ ಇದ್ದಾಗ ಒಮ್ಮೆ, ಆಚೆ ಇದ್ದಾಗ ಒಮ್ಮೆ ನೋಡಿ, ನಕ್ಷತ್ರ ಎಷ್ಟು ಸರಿದಂತೆ ಕಾಣುತ್ತದೆ ಎಂದು ಕೋನ ಅಳೆಯುವುದು. ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣು ತೆರೆದಾಗ ಎದುರಿನ ಬೆರಳು ಸರಿಯುವ ಹಾಗೆ. ಇದರಲ್ಲಿ ನಕ್ಷತ್ರದ ಬಗ್ಗೆ ಯಾವ ಊಹೆಯೂ ಬೇಡ. ಆದ್ದರಿಂದಲೇ ಉಪಗ್ರಹದ ಮಾತಿಗೆ ತೂಕ ಹೆಚ್ಚು. ಆದರೆ ಎರಡು ಉತ್ತರಗಳ ನಡುವಿನ ವ್ಯತ್ಯಾಸ ಕೋನದಲ್ಲಿ ಹೇಳಿದರೆ ಒಂದು ಡಿಗ್ರಿಯ 36 ಲಕ್ಷದ ಒಂದು ಪಾಲು. ಹತ್ತು ರೂಪಾಯಿಯ ನಾಣ್ಯವನ್ನು ಸುಮಾರು 5,500 ಕಿಲೋಮೀಟರ್ ದೂರದಿಂದ ನೋಡಿದರೆ ಅದು ಕಾಣುವ ಅಗಲ ಅಷ್ಟು. ಮಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಹೋಗಿ ಬಂದರೂ ಅಷ್ಟು ದೂರ ಆಗೋದಿಲ್ಲ.

ಬೆಳಕಿನ ಲೆಕ್ಕದವರನ್ನು ಉಳಿಸಲು ಹಲವು ದಾರಿ ಹುಡುಕಿ ನೋಡಲಾಯಿತು. ಕೃತ್ತಿಕೆಯ ನಕ್ಷತ್ರಗಳಲ್ಲಿ ಕಬ್ಬಿಣದಂಥ ಭಾರದ ಮೂಲವಸ್ತುಗಳು ಕಡಿಮೆ ಇದ್ದರೆ ಪಟ್ಟಿ ಸ್ವಲ್ಪ ಕೆಳಗೆ ಇಳಿಯುತ್ತದೆ, ಆಗ ಉಪಗ್ರಹದ ದೂರ ಹೊಂದಬಹುದು. ಆದರೆ ಬೆಳಕನ್ನು ಬಿಡಿಸಿ ನೋಡಿದರೆ ಅಲ್ಲಿ ಕಬ್ಬಿಣ ಹೆಚ್ಚುಕಮ್ಮಿ ಸೂರ್ಯನಷ್ಟೇ ಇತ್ತು. ಹೀಲಿಯಂ ಜಾಸ್ತಿ ಇದೆ ಅನ್ನಬಹುದಿತ್ತು. ಅದಕ್ಕೆ ಬೇಕಾದ ಪ್ರಮಾಣ ನಂಬಲಾಗದಷ್ಟು. 1998ರಲ್ಲೇ ಕೆಲವರು ಇನ್ನೊಂದು ಅನುಮಾನ ಎತ್ತಿದರು: ಆಕಾಶದ ಸಣ್ಣ ಜಾಗದಲ್ಲಿ ಒತ್ತೊತ್ತಾಗಿರುವ ನಕ್ಷತ್ರಗಳಲ್ಲಿ ಉಪಗ್ರಹದ ತಪ್ಪುಗಳು ಒಂದನ್ನೊಂದು ಸರಿದೂಗಿಸದೆ ಎಲ್ಲವೂ ಒಂದೇ ಕಡೆ ವಾಲಿರಬಹುದು. ಉಪಗ್ರಹದ ಕಡೆಯವರು ಒಪ್ಪಲಿಲ್ಲ. ದತ್ತಾಂಶವನ್ನು ಹೊಸದಾಗಿ ಲೆಕ್ಕ ಹಾಕಿದ ಮೇಲೂ ಸುಮಾರು 390 ಜ್ಯೋತಿರ್ವರ್ಷದ ಆಸುಪಾಸಿನಲ್ಲೇ ನಿಂತರು.

ತೀರ್ಪು ಬಂದದ್ದು ಹೊರಗಿನ ಸಾಕ್ಷಿಗಳಿಂದ, ಒಂದೊಂದಾಗಿ. 2004ರಲ್ಲಿ ಕೃತ್ತಿಕೆಯ ಅಟ್ಲಾಸ್ ಎಂಬ ಜೋಡಿ ನಕ್ಷತ್ರದ ಸುತ್ತಾಟ ಅಳೆದವರು 440 ಜ್ಯೋತಿರ್ವರ್ಷದ ಹತ್ತಿರ ಎಂದರು. 2005ರಲ್ಲಿ ಹಬಲ್ ದೂರದರ್ಶಕವೂ ಅದನ್ನೇ ಹೇಳಿತು. 2014ರಲ್ಲಿ ಖಂಡಾಂತರ ದೂರದಲ್ಲಿರುವ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ಅಳೆದಾಗ ಸಿಕ್ಕಿದ್ದು 444 ಜ್ಯೋತಿರ್ವರ್ಷ, ನಾಲ್ಕು ಹೆಚ್ಚು ಅಥವಾ ಕಡಿಮೆ. ಕೊನೆಗೆ ಹಿಪಾರ್ಕೋಸ್‌ನದೇ ಉತ್ತರಾಧಿಕಾರಿ, ಯುರೋಪಿನ ಗೈಯಾ ಉಪಗ್ರಹ 2018ರಲ್ಲಿ ಕೊಟ್ಟ ಲೆಕ್ಕವೂ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಂತಿತು. ಬೆಳಕಿನ ಲೆಕ್ಕ ಹೇಳಿದ 430 ಕೂಡ ಪಕ್ಕಾ ಸರಿ ಇರಲಿಲ್ಲ, ಶೇ. 3ರಷ್ಟು ಕಡಿಮೆ. ಆದರೆ ನಕ್ಷತ್ರ ಸಿದ್ಧಾಂತ ಉಳಿಯಿತು. ಸೆಫೀಡ್‌ಗಳ ಮೆಟ್ಟಿಲೂ ಉಳಿಯಿತು.

ಗೈಯಾ ಬಂದ ಮೇಲೆ ಫೋಟೋಮೆಟ್ರಿಗೆ ಕೆಲಸ ಇಲ್ಲ ಅಂತಲ್ಲ, ಕೆಲಸ ಸುಲಭವಾಗಿದೆ. ಗುಚ್ಛದ ಚಿತ್ರ ತೆಗೆದಾಗ ಮುಂದೆ ಹಿಂದೆ ಇರುವ ಸಂಬಂಧವಿಲ್ಲದ ನಕ್ಷತ್ರಗಳೂ ಅದರಲ್ಲಿ ಸೇರಿಕೊಳ್ಳುತ್ತವೆ. ಮದುವೆ ಮನೆಯ ಫೋಟೋದಲ್ಲಿ ದಾರಿಹೋಕರೂ ಬಂದ ಹಾಗೆ. ಗೈಯಾ 100 ಕೋಟಿಗೂ ಹೆಚ್ಚು ನಕ್ಷತ್ರಗಳ ಚಲನೆ ಅಳೆದಿರುವುದರಿಂದ, ಗುಚ್ಛದ ಜೊತೆ ಒಂದೇ ದಿಕ್ಕಿಗೆ ಹೋಗುವವರನ್ನು ಮಾತ್ರ ಇಟ್ಟುಕೊಂಡು ಉಳಿದವರನ್ನು ಹೊರಗೆ ಕಳಿಸಬಹುದು. ಹಾಗೆ ತೊಳೆದ ನಕ್ಷೆಯಲ್ಲಿ ಮೊದಲು ಮಸುಕಾಗಿದ್ದವು ಎದ್ದು ಕಾಣುತ್ತವೆ. ಪ್ರಧಾನ ಪಟ್ಟಿಗೆ ಸಮಾನಾಂತರವಾಗಿ ಮುಕ್ಕಾಲು ಕಾಂತಿಮಾನ ಮೇಲೆ ಇನ್ನೊಂದು ತೆಳು ಪಟ್ಟಿ ಕಾಣುತ್ತದೆ. ಅವು ಜೋಡಿ ನಕ್ಷತ್ರಗಳು. ಎರಡು ಸಮಾನ ದೀಪ ಒಂದೇ ಚುಕ್ಕಿಯಾಗಿ ಕಂಡರೆ ಬಣ್ಣ ಬದಲಾಗುವುದಿಲ್ಲ, ಹೊಳಪು ಎರಡು ಪಟ್ಟು.

ಎಂ67ರಲ್ಲಿ ಇನ್ನೊಂದು ತಮಾಷೆ ಉಂಟು. ತಿರುವು ದಾಟಿ ಯಾವತ್ತೋ ಹೋಗಬೇಕಾಗಿದ್ದ ಕೆಲವು ನೀಲಿ ನಕ್ಷತ್ರಗಳು ಇನ್ನೂ ಮೇಲೆಯೇ ಕೂತಿವೆ, ಅರವತ್ತು ದಾಟಿದವರ ಬ್ಯಾಚಿನಲ್ಲಿ ಇಪ್ಪತ್ತರ ಹುಡುಗರು ಕೂತಂತೆ. ಈ ನೀಲಿ ಹಿಂದುಳಿದವರು ಪಕ್ಕದ ಜೊತೆಗಾರನಿಂದ ಇಂಧನ ಎಳೆದುಕೊಂಡು ಎಳೆಯರಾದವರಿರಬೇಕು ಎಂಬ ಊಹೆ ಹಳೆಯದು. ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹ 2015ರಲ್ಲಿ ಹಾರಿತು. ಅದರಲ್ಲಿರುವ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಬೆಂಗಳೂರು ಹತ್ತಿರದ ಹೊಸಕೋಟೆಯಲ್ಲಿ. ಆ ದೂರದರ್ಶಕದಿಂದ ಎಂ67ರ ಫೋಟೋಮೆಟ್ರಿ ಮಾಡಿದ ಭಾರತೀಯ ವಿಜ್ಞಾನಿಗಳು, ಅಂಥ ಒಂದು ನಕ್ಷತ್ರದಿಂದ ನೇರಳಾತೀತ ಬೆಳಕು ಬರಬೇಕಾದ್ದಕ್ಕಿಂತ ಹೆಚ್ಚು ಬರುತ್ತಿರುವುದನ್ನು ಕಂಡು, ಅದರ ಪಕ್ಕದಲ್ಲಿ ಅಡಗಿರುವ ಬಿಸಿಯಾದ ಶ್ವೇತಕುಬ್ಜವನ್ನು ಪತ್ತೆ ಮಾಡಿದರು. ಇದ್ದದ್ದೆಲ್ಲ ಕೊಟ್ಟು ಬರಿದಾದ ಜೊತೆಗಾರ ಅದೇ. 2019ರಲ್ಲಿ ಇದು ಪ್ರಕಟವಾಯಿತು.

ದೂರದ ಗುಚ್ಛಗಳಲ್ಲಿ ಗೈಯಾಕ್ಕೂ ಮಿತಿ ಇದೆ. 16,000 ಜ್ಯೋತಿರ್ವರ್ಷ ಆಚೆಗೆ ಹೋದರೆ ಸರಿಯುವ ಕೋನ ಎಷ್ಟು ಸಣ್ಣದೆಂದರೆ, ಉಪಗ್ರಹದ ಅಳತೆಯಲ್ಲಿ ಉಳಿದುಕೊಂಡಿರುವ ಸಣ್ಣ ಓರೆಯೇ ದೂರವನ್ನು ನೂರಕ್ಕೆ ಹತ್ತರಷ್ಟು ಆಚೀಚೆ ಮಾಡಬಲ್ಲದು. ಅಲ್ಲಿ ಈಗಲೂ ದೂರ, ಧೂಳು, ವಯಸ್ಸು ಮೂರನ್ನೂ ಬಣ್ಣ ಮತ್ತು ಹೊಳಪಿನ ನಕ್ಷೆಯಿಂದಲೇ ತೆಗೆಯಬೇಕು. ಅದಕ್ಕೆ ಬೇಕಾದ ಚಿತ್ರಗಳು ನೈನಿತಾಲ್, ತಮಿಳುನಾಡಿನ ಕಾವಲೂರು, ಲಡಾಖಿನ ಹಾನ್ಲೆ ಮುಂತಾದ ಕಡೆಗಳಿಂದ ಬರುತ್ತವೆ. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ನಡೆಸುವವರು ರಾತ್ರಿಯಿಡೀ ಕೂರುವುದು ಮಾತ್ರ ಹೊಸಕೋಟೆಯ ಕಂಪ್ಯೂಟರ್ ಮುಂದೆ.